ಎಬ್ಬಿಸೋ ಗುಳಿಗಿ

ಕುರುಗೋಡಿನಿಂದ ಹೊರಟಿದ್ದ ಬಸ್ಸು ಸಿರುಗುಪ್ಪ ಇನ್ನೂ ಒಂದಿಷ್ಟು ದೂರ ಇರುವಾಗಲೇ ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಅದೇನು ಹೊಸದಲ್ಲ. ಸುಗ್ಗಿ ಬಂತೆಂದರೆ ನಮ್ಮ ಕಡೆಯ ಜನ ಸರ್ಕಾರ ರಸ್ತೆ ಹಾಕಿಸಿದ್ದೇ ಭತ್ತ ಒಣಗಿಸಲಿಕ್ಕೆ ಅನ್ನುವ ಹಾಗೆ ನಡೆದುಕೊಳ್ಳುತ್ತಾರೆ. ಡ್ರೈವರ್ ಬೈದ, ಹರವಿದವರು ಎದ್ದು ನಿಂತು ತಿರುಗಿ ಬೈದರು, ಬಸ್ಸು ನಿಂತೇಬಿಟ್ಟಿತು. ಕಿಟಕಿಯೊಳಗೆ ಮಿಲ್ಲುಗಳಲ್ಲಿ ಭತ್ತ ಬೇಯಿಸುವ ವಾಸನೆ ನುಗ್ಗಿತು. ಒದ್ದೆ ಹೊಟ್ಟು, ಬಿಸಿ ಹಬೆ, ಅದರೊಳಗೆ ಒಂದಿಷ್ಟು ಹುಳಿ. ರಸ್ತೆಯಂಚಿನಲ್ಲಿ ಬಿಳಿ ಅಂಗಿಯ ವ್ಯಾಪಾರಿಯೊಬ್ಬ ಬಗ್ಗಿ ಹಿಡಿ ಭತ್ತ ಎತ್ತಿಕೊಂಡು, ಅಂಗೈಯಲ್ಲಿ ತಿಕ್ಕಿ, ಊದಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದ. ನಾನು ಮುಖ ಈಚೆ ತಿರುಗಿಸಿದೆ. ಪಕ್ಕದ ಸೀಟಿನ ಹೆಂಗಸು, "ಕಣ್ಣಾಗ ಧೂಳು ಬಿತ್ತೇನ್ರಿ ಅಕ್ಕಾರ?" ಅಂದಳು. ಹೌದು ಅಂದೆ.

ನನ್ನ ಅಣ್ಣ ಪಂಪಣ್ಣ ಬದುಕಿಡೀ ಮಾಡಿದ್ದು ಅದೇ ಕೆಲಸ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ, ಬಂದ ಭತ್ತ ನೋಡಿ ಇಳಿಸಿಕೊಳ್ಳಬೇಕೋ ವಾಪಸ್ ಕಳಿಸಬೇಕೋ ಹೇಳುವವನು. ತೇವ ಅಳೆಯುವ ಮಷೀನು ಬಂದು ಎಷ್ಟೋ ಕಾಲವಾಗಿತ್ತು. ಅವನು ಮಷೀನನ್ನೂ ನೋಡುತ್ತಿದ್ದ, ಕಾಳನ್ನೂ ಕಡಿಯುತ್ತಿದ್ದ. ಮಷೀನಿನ ಮೇಲೆ ಅಪನಂಬಿಕೆ ಅಂತಲ್ಲ, ಚಟ. ಬೆಳಿಗ್ಗೆ ಕೆನ್ನೆಯ ಸಂದಿಗೆ ಸೇರಿದ ಕಾಳು ಮಧ್ಯಾಹ್ನದ ತನಕ ಅಲ್ಲೇ ಆಡುತ್ತಿರುತ್ತಿತ್ತು. ಮದುವೆಯ ಮನೆಯಲ್ಲಿ ಅಕ್ಷತೆ ಕೊಟ್ಟರೆ ಅದರಲ್ಲೂ ಎರಡು ಕಾಳು ಬಾಯಿಗೆ ಹೋಗುತ್ತಿದ್ದವು, ಉಳಿದದ್ದು ಮದುಮಕ್ಕಳ ಮೇಲೆ. "ಮಿಲ್ ನಿಂತ್ರೂ ಪಂಪಣ್ಣನ ಬಾಯಿ ನಿಂದ್ರಂಗಿಲ್ಲ ನೋಡ್ರಿ" ಅಂತ ಹಮಾಲರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಆ ವರ್ಷ ದಸರೆಯ ಹೊತ್ತಿಗೆ ಅವನಿಗೆ ಉಂಡದ್ದು ನಿಲ್ಲದ ಹಾಗಾಯಿತು. ಗ್ಯಾಸು, ಪಿತ್ತ, ದೃಷ್ಟಿ ಅಂತ ಒಂದಿಷ್ಟು ದಿನ ಹೋದವು. ಬಳ್ಳಾರಿಗೆ ಕರೆದುಕೊಂಡು ಬಂದು ಬಾಯಿಯಿಂದ ಕೊಳವೆ ಇಳಿಸಿ ನೋಡಿಸಿದಾಗ ಹೊಟ್ಟೆಯ ಕೆಳಬಾಯಲ್ಲಿ ಗಡ್ಡೆ ಅಂದರು. ಕೆಟ್ಟ ಗಡ್ಡೆ. ದೀಪಾವಳಿ ಮುಗಿದ ಮೇಲೆ ಆಪರೇಷನ್ ಆಯಿತು. ಹೊಟ್ಟೆಯ ಕೆಳಭಾಗ ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸಿದರು. ಎಲ್ಲ ಚೆನ್ನಾಗಿ ಆಗಿದೆ ಅಂದರು. ಆದರೆ ದಿನಗಳು ಕಳೆದರೂ ಮೂಗಿನ ಕೊಳವೆಯಿಂದ ಹಸಿರು ನೀರು ಚೀಲಕ್ಕೆ ಇಳಿಯುತ್ತಲೇ ಇತ್ತು. ಬಾಯಿಗೆ ನೀರು ಕೊಟ್ಟರೆ ಆ ನೀರೂ ಅಲ್ಲಿಗೇ ಬರುತ್ತಿತ್ತು.

ಡಾಕ್ಟರು ಶಿವಮೊಗ್ಗದ ಕಡೆಯವರು, ಇನ್ನೂ ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಅವ್ವನಿಗೆ ತಿಳಿಯುವ ಹಾಗೆ ಹೇಳಬೇಕೆಂದು ಕುರ್ಚಿ ಎಳೆದು ಕೂತು ಹೇಳಿದರು.

"ದಾರಿ ತೆರೆದಿದೆ ಅಮ್ಮ, ಅಡ್ಡ ಏನೂ ಇಲ್ಲ. ಆದರೆ ಉಳಿದ ಹೊಟ್ಟೆ ಇನ್ನೂ ನಿದ್ದೆಯಲ್ಲಿದೆ. ಊಟವನ್ನು ಮುಂದಕ್ಕೆ ತಳ್ಳುತ್ತಿಲ್ಲ. ಈ ಆಪರೇಷನ್ ಆದವರಲ್ಲಿ ಕೆಲವರಿಗೆ ಹೀಗಾಗುತ್ತೆ."

"ಮನಷಾ ಮಲಗ್ತಾನ, ಎತ್ತು ಮಲಗ್ತಾವ. ಹೊಟ್ಟಿ ಮಲಗೋದು ನಾ ಕೇಳಿಲ್ರೀ ಯಪ್ಪಾ."

"ಮಲಗುತ್ತೆ ಅಮ್ಮ."

"ಹಂಗಾರ ಎಬ್ಬಸ್ರಿ," ಅಂದಳು ಅವ್ವ.

ಎಬ್ಬಿಸಲಿಕ್ಕೆ ಮೊದಲು ಸೂಜಿ ಕೊಟ್ಟರು, ಆಮೇಲೆ ಮಾತ್ರೆ. ಮೆಟೊಕ್ಲೋಪ್ರಮೈಡ್ ಅಂತ ಉದ್ದನೆಯ ಹೆಸರು. ಅವ್ವ ಅದಕ್ಕೆ 'ಎಬ್ಬಿಸೋ ಗುಳಿಗಿ' ಅಂತ ಹೆಸರಿಟ್ಟಳು. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ತೆಳ್ಳನೆಯದು ಉಣ್ಣಿಸಬೇಕು, ಉಂಡಮೇಲೆ ಮಲಗಿಸಬಾರದು. ಸ್ವಲ್ಪ ದಿನ ಕೊಟ್ಟು ನೋಡೋಣ, ಹೇಗಿದೆ ಅಂತ ಹೇಳುತ್ತಿರಿ ಅಂದರು ಡಾಕ್ಟರು.

ಕೊಳವೆ ತೆಗೆದ ಮೇಲೆ ಅಣ್ಣನನ್ನು ಪಾರ್ವತಿನಗರದ ನಮ್ಮ ಮನೆಗೇ ಕರೆತಂದೆವು. ನಾನು ಬಳ್ಳಾರಿಯಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಆಸ್ಪತ್ರೆ ಹತ್ತಿರ. ಅವ್ವ ಕುರುಗೋಡಿನ ಮನೆಗೆ ಬೀಗ ಹಾಕಿ ಬಂದಳು. ಅಣ್ಣನ ಹೆಂಡತಿ ಸುಜಾತ ಸಿರುಗುಪ್ಪದಲ್ಲೇ ಉಳಿಯಬೇಕಾಯಿತು, ಮಗಳು ಹತ್ತನೇ ಕ್ಲಾಸು. ಸುಜಾತ ಆದೋನಿಯ ಕಡೆಯವಳು, ಮನೆಮಾತು ತೆಲುಗು. ಅತ್ತಿಗೆಗೆ ಅವರಲ್ಲಿ ವದಿನ ಅನ್ನುತ್ತಾರೆ, ನಾನೂ ಮೊದಲಿಂದ ಹಾಗೇ ಕರೆಯುತ್ತೇನೆ. ವದಿನ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬಂದು ಸಂಜೆ ಹೋಗುತ್ತಿದ್ದಳು. ಬರುವಾಗ ಮಿಲ್ಲಿನವರು ಕೊಟ್ಟ ಹಳೇ ಅಕ್ಕಿ ತರುತ್ತಿದ್ದಳು. ಹೊಸ ಅಕ್ಕಿ ಹೊಟ್ಟೆಗೆ ಭಾರ, ಹಳೆಯದಾದಷ್ಟೂ ಹಗುರ ಅನ್ನುವುದು ಅಣ್ಣನ ಲೆಕ್ಕ.

ಆ ಹಳೇ ಅಕ್ಕಿಯನ್ನು ನುಚ್ಚು ಮಾಡಿ, ಮೆತ್ತಗೆ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ ಗಂಜಿ ಮಾಡುತ್ತಿದ್ದೆವು. ಬೆಳಿಗ್ಗೆ ಕುಡಿದದ್ದು ಕೆಲವು ದಿನ ಸಂಜೆಗೆ ಇದ್ದ ಹಾಗೇ ಹೊರಗೆ ಬರುತ್ತಿತ್ತು. ಅಣ್ಣ ಬಕೆಟ್ಟಿನ ಮೇಲೆ ಬಗ್ಗಿದವನು ಕಣ್ಣು ಒರೆಸಿಕೊಂಡು, "ಮಾಲು ವಾಪಸ್ ಬಂತು ನೋಡವಾ. ಮಿಲ್‌ನ್ಯಾಗ ನಾ ಎಷ್ಟು ಮಂದಿ ಗಾಡಿ ತಿರುಗಿಸಿ ಕಳಿಸೀನಿ, ಅವರ ಶಾಪ ಎಲ್ಲಿ ಹೋಗತೈತಿ" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದೆ.

ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. "ಒಂದು ತಾಟು ಅನ್ನ ಉಂಡು, ಅದು ಒಳಗs ಉಳಿದ್ರ ಸಾಕು. ಮತ್ತೇನೂ ಬ್ಯಾಡ" ಅನ್ನುತ್ತಿದ್ದ. ಸಿರುಗುಪ್ಪದ ಲಾರಿಗಟ್ಟಲೆ ಅಕ್ಕಿ ಅವನ ಕೈಯಿಂದ ದಾಟಿ ಹೋಗಿತ್ತು, ಅವನಿಗೆ ಒಂದು ತಾಟು ಅನ್ನ ದಕ್ಕುತ್ತಿರಲಿಲ್ಲ. ನನಗೆ ದೇವರ ಮೇಲೆ ಸಿಟ್ಟು ಬರುತ್ತಿತ್ತು. ನೋಡಲಿಕ್ಕೆ ಬಂದವರ ಮೇಲೆ ಇನ್ನೂ ಹೆಚ್ಚು. ಬಂದವರೆಲ್ಲ ಒಂದೊಂದು ಔಷಧ ಹೇಳಿ, ನಮ್ಮ ಮನೆಯ ವಗ್ಗರಣಿ ಚುರುಮುರಿ, ಮಿರ್ಚಿ ಭಜಿ ತಿಂದು, ಅವನ ಮುಂದೆಯೇ ತೇಗಿ ಹೋಗುತ್ತಿದ್ದರು. ಒಬ್ಬರಂತೂ ಉಪವಾಸ ಆರೋಗ್ಯಕ್ಕೆ ಒಳ್ಳೆಯದು ಅಂದರು. ಅವರಿಗೆ ಎರಡನೇ ಸಲ ಚಹಾ ಕೊಡಲಿಲ್ಲ.

ಮಾತ್ರೆ ಶುರುವಾದ ಮೇಲೆ ಗುಣ ಕಂಡದ್ದು ನಿಜ. ಸಂಕ್ರಾಂತಿಯ ಹೊತ್ತಿಗೆ ವಾಂತಿ ಕಡಿಮೆಯಾಯಿತು. ಗಂಜಿ ಗಟ್ಟಿಯಾಯಿತು. ಒಂದೆರಡು ಸಲ ಅನ್ನ ಹಿಸುಕಿ ತಿಳಿಸಾರು ಹಾಕಿ ಕೊಟ್ಟೆವು, ಅರ್ಧ ಉಳಿಯಿತು ಅರ್ಧ ಬಂತು. ಅಷ್ಟಕ್ಕೇ ಅವ್ವ ಕುರುಗೋಡಿನ ಬಸವಣ್ಣನಿಗೆ ಎಣ್ಣೆ ಹರಕೆ ಹೊತ್ತಳು. ಆದರೆ ಅಣ್ಣ ಇನ್ನೊಂದು ಥರ ಆಗತೊಡಗಿದ. ಕೂತಲ್ಲಿ ಕೂರುತ್ತಿರಲಿಲ್ಲ. ಹಾಲಿನಿಂದ ಅಡಿಗೆಮನೆಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ಹಾಲಿಗೆ. ನೆಲ ಒರೆಸುತ್ತಿದ್ದರೂ ಒದ್ದೆಯ ಮೇಲೇ ಹಾದು ಹೋಗುತ್ತಿದ್ದ.

"ಏನಣ್ಣಾ, ಗಾಣದ ಎತ್ತಿನಂಗ ತಿರಗಾಕ ಹತ್ತೀ," ಅಂದೆ.

"ಕುಂತ್ರ ನಿಲ್ಲಬೇಕು ಅನಸ್ತೈತಿ, ನಿಂತ್ರ ನಡೀಬೇಕು ಅನಸ್ತೈತಿ. ಒಳಗ ಯಾರೋ ನೂಕಿದಂಗ ಆಗತೈತಲೇ ತಂಗಿ."

"ಅವಗ ಮಿಲ್ಲಿಂದs ಧ್ಯಾನ," ಅಂದಳು ಅವ್ವ. ಸುಗ್ಗಿಯ ಕಾಲ, ಭತ್ತ ಬರುವ ಕಾಲ, ಇವನಿಲ್ಲದೆ ಅಲ್ಲಿ ಏನಾಗಿದೆಯೋ ಅನ್ನುವ ಚಿಂತೆ ಅಂತ ನಾವೆಲ್ಲ ಒಪ್ಪಿಕೊಂಡೆವು. ನಗುವುದನ್ನೂ ಅವನು ಕಡಿಮೆ ಮಾಡಿದ್ದ. ಅದಕ್ಕೂ ನಮ್ಮ ಹತ್ತಿರ ಕಾರಣ ಇತ್ತು, ಹೊಟ್ಟೆಗಿಲ್ಲದವನು ಎಲ್ಲಿಂದ ನಗಬೇಕು ಅಂತ.

ಶಿವರಾತ್ರಿ ಆಯಿತು. ಬಳ್ಳಾರಿಯ ಬಿಸಿಲು ಶಿವರಾತ್ರಿಯ ತನಕವೂ ಕಾಯುವುದಿಲ್ಲ, ಆ ವರ್ಷ ಇನ್ನೂ ಮೊದಲೇ ಬಂದಿತ್ತು. ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ನನ್ನ ಕೈ ಹಿಡಿದು ಹಾಲಿಗೆ ಎಳೆದುಕೊಂಡು ಹೋದಳು. ಅಣ್ಣ ಫ್ಯಾನಿನ ಕೆಳಗೆ ಕೂತಿದ್ದ. ಬಾಯಿ ಮೆಲ್ಲಗೆ ಆಡುತ್ತಿತ್ತು. ತುಟಿ ಮುಚ್ಚಿ, ದವಡೆ ಅತ್ತಿಂದಿತ್ತ, ಒಮ್ಮೊಮ್ಮೆ ಕೆನ್ನೆಯೊಳಗೆ ನಾಲಗೆ ಹೊರಳುತ್ತಿತ್ತು. ಮಿಲ್ಲಿನ ಅಂಗಳದಲ್ಲಿ ಎಷ್ಟೋ ವರ್ಷ ಕಂಡ ಮುಖ ಅದು.

"ಬಾಯಾಡಸಾಕ ಹತ್ಯಾನ," ಅಂದಳು ಅವ್ವ, ಪಿಸುಮಾತಿನಲ್ಲಿ. "ಹೊಟ್ಟಿ ಎದ್ದೈತಿ ನೋಡು."

ಅವ್ವನ ಈ ಮಾತನ್ನು ತಿಳಿಯಬೇಕಾದರೆ ನಮ್ಮ ಕುರುಗೋಡಿನ ಮನೆಯ ಹಕ್ಕಿ ತಿಳಿಯಬೇಕು. ಹಕ್ಕಿ ಅಂದರೆ ಎತ್ತು ಕಟ್ಟುವ ಜಾಗ. ಎತ್ತಿಗೆ ಜಡ್ಡಾದರೆ ಅದು ಮೊದಲು ಮೆಲುಕು ಬಿಡುತ್ತದೆ. ಹೊಟ್ಟೆ ನಿಂತಿದೆ ಅಂತ ಅರ್ಥ. ಆಗ ಅವ್ವ ಅದರ ಮುಂದೆಯೇ ಕೂತಿರುತ್ತಿದ್ದಳು, ಕಷಾಯ ಕುಡಿಸುತ್ತಿದ್ದಳು, ಹೊಟ್ಟೆ ತಿಕ್ಕುತ್ತಿದ್ದಳು. ಯಾವ ಗಳಿಗೆಗೆ ಎತ್ತು ದವಡೆ ಆಡಿಸಿತೋ ಆ ಗಳಿಗೆಗೆ ಎದ್ದು ಸೆರಗು ಕೊಡವಿ, "ಉಳೀತು" ಅನ್ನುತ್ತಿದ್ದಳು. ದನದ ಡಾಕ್ಟರು ಆಮೇಲೆ ಬಂದು ಅದನ್ನೇ ಹೇಳುತ್ತಿದ್ದ. ಬದುಕಿನಲ್ಲಿ ಒಮ್ಮೆಯೂ ಸುಳ್ಳಾಗದ ಗುರುತು ಅದು. ಮಗನ ದವಡೆ ಆಡಿದಾಗ ಅವಳಿಗೆ ಬೇರೆ ಏನು ಅನ್ನಿಸಬೇಕಿತ್ತು?

ಆ ಸಂಜೆಯೇ ಡಾಕ್ಟರಿಗೆ ಫೋನು ಮಾಡಿದೆವು. ನಾನು ಸ್ಪೀಕರ್ ಹಾಕಿದೆ, ಅವ್ವ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಹೇಗಿದ್ದಾರೆ ಅಮ್ಮ? ಏನಾದರೂ ತಿಂತಾರಾ?"

"ಬಾಯಾಡಸ್ತಾನ್ರೀ ಯಪ್ಪಾ. ಮುಂಜಾನಿಂದ ಸಂಜಿ ಮಟ ಬಾಯಾಡಸ್ತಾನ."

"ಬಾಯಾಡಿಸ್ತಾರಾ? ತುಂಬಾ ಒಳ್ಳೇದು. ವಾಂತಿ?"

"ಬಾಳ ಕಡಿಮಿ ಆಗೈತ್ರಿ."

"ಹಾಗಾದರೆ ಅದೇ ಮಾತ್ರೆ ಮುಂದುವರಿಸಿ. ನಿಲ್ಲಿಸಬೇಡಿ."

ಬಾಯಾಡಿಸುವುದು ಅಂದರೆ ನಮ್ಮಲ್ಲಿ ಚುರುಮುರಿಯೋ ಶೇಂಗಾವೋ ಏನಾದರೊಂದು ತಿನ್ನುತ್ತಿರುವುದು. 'ಬಾಯಾಡಸಾಕ ಏನರ ಕೊಡವಾ' ಅನ್ನದ ಮಗು ನಮ್ಮೂರಲ್ಲಿ ಇಲ್ಲ. ಡಾಕ್ಟರು ಆ ಅರ್ಥವನ್ನೇ ಹಿಡಿದರು, ಹಿಡಿಯಬೇಕಾದದ್ದೇ. ಅವ್ವ ತಾನು ಕಂಡದ್ದನ್ನೇ ಹೇಳಿದಳು, ಸುಳ್ಳು ಒಂದಕ್ಷರ ಇರಲಿಲ್ಲ. ಒಂದು ಒಳ್ಳೆಯ ಕನ್ನಡ ಮಾತು ಇಬ್ಬರು ಒಳ್ಳೆಯವರ ನಡುವೆ ಬಿದ್ದು ಎರಡಾಯಿತು. ಮಾತ್ರೆ ಮುಂದುವರಿಯಿತು.

ಅಷ್ಟು ಸಂತೋಷದ ದಿನಗಳು ಆ ವರ್ಷ ಮತ್ತೆ ಬರಲಿಲ್ಲ. ಅವ್ವ ಅವನ ಎದುರಿಗೆ ಕೂತು ಬಾಯಿ ನೋಡುತ್ತಿದ್ದಳು. ಅದು ಆಡಿದಷ್ಟೂ ಅವಳ ಮುಖ ಅರಳುತ್ತಿತ್ತು. ಅಣ್ಣನೂ ಮೊದಮೊದಲು ನಂಬಿದ. "ನನಗs ಗೊತ್ತಾಗಂಗಿಲ್ಲ, ಬಾಯಿ ತಾನs ಆಡತೈತಿ. ಹಳೇ ಚಟ ಬಂತು" ಅನ್ನುತ್ತಿದ್ದ. ಊಟ ಮಾತ್ರ ಹೆಚ್ಚಾಗಲಿಲ್ಲ. ವಾಂತಿ ಮತ್ತೆ ಮೆಲ್ಲಗೆ ತಲೆಹಾಕಿತು. ಅವ್ವ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮೆಲುಕು ಬಂದ ಮೇಲೆ ಮೇವು ತಾನಾಗಿ ಬರುತ್ತದೆ ಅಂದಳು.

ಮಗಳ ಪರೀಕ್ಷೆಯ ಗಡಿಬಿಡಿಯಲ್ಲಿ ವದಿನ ಕೆಲವು ಭಾನುವಾರ ಬಂದಿರಲಿಲ್ಲ. ಯುಗಾದಿಗೆ ಸ್ವಲ್ಪ ಮೊದಲು ಬಂದಳು. ಅವ್ವ ಬಾಗಿಲಲ್ಲೇ, "ಬಾ, ನೋಡು ಬಾ, ನಿನ್ನ ಗಂಡ ಬಾಯಾಡಸಾಕ ಹತ್ಯಾನ" ಅಂತ ಕರೆದಳು. ವದಿನ ಕೈಚೀಲ ಕೆಳಗಿಟ್ಟು ಅಣ್ಣನ ಎದುರು ಮಂಡಿಯೂರಿ ಕೂತಳು. ಬಹಳ ಹೊತ್ತು ನೋಡಿದಳು. ಆಡುತ್ತಾ ಆಡುತ್ತಾ ಅವನ ನಾಲಗೆ ತುದಿ ತುಟಿಯಾಚೆ ಬಂದು ಒಳಗೆ ಹೋಯಿತು. ಅವಳು, ಮಣ್ಣು ತಿಂದ ಕೂಸಿಗೆ ಮಾಡುವ ಹಾಗೆ, ಅವನ ಗಲ್ಲ ಹಿಡಿದು ಬಾಯೊಳಗೆ ಬೆರಳು ಹಾಕಿ ಕೆನ್ನೆಯ ಎರಡೂ ಸಂದಿ ತಡವಿದಳು.

"ನೋಟ್ಲೋ ಏಮೀ ಲೇದು," ಅಂದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬಾಯಾಗ ಏನೂ ಇಲ್ಲ. ಕಾಳಿಲ್ಲ, ಕಡ್ಡಿಯಿಲ್ಲ. ಏನ ತಿಂತಾನ ಇವ?" ಅಂದಳು.

ನಮಗೆ ಯಾರಿಗೂ ಆ ಬಾಯಿಯೊಳಗೆ ನೋಡಬೇಕೆಂದು ಹೊಳೆದಿರಲಿಲ್ಲ. ಅವನ ಬಾಯಿ ಆಡುತ್ತಿದ್ದರೆ ಒಳಗೆ ಕಾಳು ಇದ್ದೇ ಇರುತ್ತದೆ ಅನ್ನುವುದು ನಮಗೆ ಅಷ್ಟು ರೂಢಿಯಾಗಿತ್ತು.

ಮರುದಿನ ಆಸ್ಪತ್ರೆಗೆ ಹೋದೆವು. ಅವ್ವನೂ ಬಂದಳು, ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಹೋದದ್ದು ಅಣ್ಣ, ವದಿನ, ನಾನು. ಡಾಕ್ಟರು ಏನೋ ಕೇಳಲು ಬಾಯಿ ತೆರೆದವರು ಅಣ್ಣನ ಮುಖ ನೋಡುತ್ತಾ ಹಾಗೇ ನಿಂತರು. ನಾಲಗೆ ಚಾಚಿ ಅಂದರು, ಕೈ ಮುಂದೆ ಹಿಡಿಯಿರಿ ಅಂದರು, ನಡೆಯಿರಿ ಅಂದರು. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದರು.

"ಶಿವರಾತ್ರಿಯಿಂದ್ರಿ," ಅಂದೆ.

"ಇದು ಆ ಮಾತ್ರೆಯಿಂದ ಆಗಿದ್ದು. ಹೊಟ್ಟೆಯನ್ನು ತಳ್ಳುವ ಔಷಧವೇ, ಆದರೆ ಮೆದುಳಿಗೂ ಹೋಗುತ್ತೆ. ಕೆಲವರಿಗೆ ಹೀಗೆ ಬಾಯಿ, ನಾಲಗೆ ತಾವಾಗಿ ಅಲುಗಾಡೋದಕ್ಕೆ ಶುರುವಾಗುತ್ತೆ. ಅಷ್ಟು ದಿನ ಕೊಡಬಾರದಿತ್ತು. ಅವತ್ತು ಫೋನಲ್ಲಿ ನೀವು..." ಅಂದವರು ನಿಲ್ಲಿಸಿದರು. "ಬಾಯಾಡಿಸ್ತಾರೆ ಅಂದರಲ್ಲ ಅಮ್ಮ?"

"ಅವ್ವ ಹೇಳಿದ್ದು ಇದನ್ನs ರೀ," ಅಂದೆ.

ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು. ತಾವೇ ಕರೆಸಿ ನೋಡಬೇಕಿತ್ತು ಅಂದರು. ಅವರನ್ನು ಬೈಯುವ ಮಾತು ನಾಲಗೆಯ ತನಕ ಬಂದಿತ್ತು. ಅದನ್ನು ಬಿಟ್ಟು, ಇನ್ನು ಮುಂದೇನು ಅಂತ ಕೇಳಿದೆ. ನಡೆದಾಡುವ ಆ ಕಾಟವೂ ಮಾತ್ರೆಯದೇ, ಮಂಕು ಹಿಡಿದದ್ದೂ ಮಾತ್ರೆಯಿಂದಲೇ ಇರಬಹುದು, ಅವೆರಡೂ ಹೋಗುತ್ತವೆ ಅಂದರು. ಬಾಯಿಯದು ಹೋಗಲೂಬಹುದು, ಉಳಿಯಲೂಬಹುದು, ನಿದ್ದೆ ಹತ್ತಿದಾಗ ಮಾತ್ರ ನಿಲ್ಲುತ್ತದೆ ಅಂದರು. ಆ ಮಾತ್ರೆ ಇವತ್ತಿಗೇ ಬಂದ್, ಬೇರೆ ಔಷಧ ಕೊಡುತ್ತೇನೆ ಅಂದರು.

ಎದ್ದು ಬರುವಾಗ ಅಣ್ಣ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತ. ಬಾಗಿಲ ಗಾಜಿನಲ್ಲಿ ಹೊರಗೆ ಬೆಂಚಿನ ಮೇಲಿದ್ದ ಅವ್ವ ಕಾಣುತ್ತಿದ್ದಳು. ಪಕ್ಕದಲ್ಲಿ ಕೂತ ಯಾರಿಗೋ ಏನೋ ಹೇಳುತ್ತಾ ತನ್ನ ದವಡೆ ಆಡಿಸಿ ತೋರಿಸುತ್ತಿದ್ದಳು.

"ಅವ್ವಗ ಹೇಳಬ್ಯಾಡ್ರಿ," ಅಂದ ಅಣ್ಣ. "ಇದು ಜಡ್ಡು ಅಂತ ಗೊತ್ತಾದ್ರ, ತಾನs ಗುಳಿಗಿ ಮುಂದುವರಿಸಿದಂಗಾತು ಅಂತ ತಿಳಕೊಂತಾಳ. ಆಕೀ ಪಾಲಿಗೆ ನಾ ತಿನ್ನಾಕ ಹತ್ತೀನಿ. ಹಂಗs ಇರ್ಲಿ."

ಡಾಕ್ಟರು ತಲೆಯಾಡಿಸಿದರು. ವದಿನ ಅವನ ಬೆನ್ನ ಮೇಲೆ ಕೈಯಿಟ್ಟಳು. ಹೊರಗೆ ಬಂದಾಗ ಅವ್ವ, ಏನಂದ್ರು ಅಂತ ಕೇಳಿದಳು. "ಹೊಟ್ಟಿ ಎದ್ದೈತಂತವಾ. ಇನ್ನ ಎಬ್ಬಿಸೋ ಗುಳಿಗಿ ಬ್ಯಾಡಂತ," ಅಂದ ಅಣ್ಣ. ಅವ್ವ ಆಸ್ಪತ್ರೆಯ ಕಟ್ಟಡಕ್ಕೆ ನಿಂತಲ್ಲಿಂದಲೇ ಕೈ ಮುಗಿದಳು.

ಅವತ್ತಿನಿಂದ ಅಣ್ಣ ಅಂಗಿಯ ಜೇಬಿನಲ್ಲಿ ಒಂದಿಷ್ಟು ಭತ್ತದ ಕಾಳು ಇಟ್ಟುಕೊಳ್ಳತೊಡಗಿದ. ವದಿನ ಸಿರುಗುಪ್ಪದಿಂದ ತಂದುಕೊಡುತ್ತಿದ್ದಳು. ಅವ್ವ ಹತ್ತಿರ ಬರುವುದನ್ನು ಕಂಡರೆ ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. ನುಂಗುತ್ತಿರಲಿಲ್ಲ, ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದ. ಅವ್ವ ಬೈಯುತ್ತಿದ್ದಳು. "ಹಸಿ ಭತ್ತ ಯಾಕ ತಿಂತೀಲೇ ಹುಚ್ಚ, ಚುರುಮುರಿ ಕೊಡ್ಲೇನು?" ಅವನು ಬಾಯಿ ತೆರೆದು ನಾಲಗೆಯ ಮೇಲಿನ ಕಾಳು ತೋರಿಸಿ, "ಚಟ ಬಿಡಂಗಿಲ್ಲಬೇ" ಅನ್ನುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಏನಾದರೊಂದು ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಹೊಸ ಔಷಧ ಒಂದು ಸಿರಪ್ಪು. ಎರಿಥ್ರೋಮೈಸಿನ್, ಮಕ್ಕಳಿಗೆ ಕೆಮ್ಮು ಗಂಟಲುನೋವಿಗೆ ಕೊಡುವಂಥದೇ. ಇದನ್ನು ತೀರ ಸಣ್ಣ ಪ್ರಮಾಣದಲ್ಲಿ ಊಟಕ್ಕೆ ಮೊದಲು ಕೊಟ್ಟರೆ ಹೊಟ್ಟೆ ಹಿಂಡಿಕೊಂಡು ಕೆಲಸ ಮಾಡುತ್ತದಂತೆ. ಬಾಳೆಹಣ್ಣಿನ ವಾಸನೆ, ಗುಲಾಬಿ ಬಣ್ಣ. ಕೆಲಸ ಮಾಡುತ್ತದೆ, ಆದರೆ ಕೆಲವು ವಾರಗಳಾದ ಮೇಲೆ ದೇಹ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ, ಅಷ್ಟರಲ್ಲಿ ಹೊಟ್ಟೆ ತಾನಾಗಿ ಏಳಲಿ ಅಂತ ಆಸೆ, ಅಂದಿದ್ದರು ಡಾಕ್ಟರು.

ಎದ್ದಿತು. ಯುಗಾದಿಯಾಗಿ ಸ್ವಲ್ಪ ದಿನಕ್ಕೆ, ಉರಿ ಬಿಸಿಲಿನ ಒಂದು ಮಧ್ಯಾಹ್ನ, ವದಿನ ಹಳೇ ಅಕ್ಕಿಯ ಅನ್ನ ಮೆತ್ತಗೆ ಮಾಡಿ ಸಣ್ಣ ತಾಟಿನಲ್ಲಿ ಹರಡಿ ತಿಳಿಸಾರು ಹಾಕಿ ಇಟ್ಟಳು. ಅಣ್ಣ ಒಂದೊಂದೇ ತುತ್ತು ಉಂಡ. ನಾವು ಮೂವರೂ ಎದುರಿಗೆ ಕೂತು, ನೋಡದವರ ಹಾಗೆ ನೋಡಿದೆವು. ತಾಟು ಬರಿದಾಯಿತು. ಬಕೆಟ್ಟು ಪಕ್ಕದಲ್ಲೇ ಇತ್ತು. ಸಂಜೆಯಾಯಿತು, ಬಕೆಟ್ಟು ಬೇಕಾಗಲಿಲ್ಲ. ಅಣ್ಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮಾಲು ಇಳಿಸ್ಕೊಂಡ್ರು" ಅಂದ. ವದಿನ ಮೊದಲ ಸಲ ಜೋರಾಗಿ ಅತ್ತಳು. ಅವ್ವನಿಗೆ ಅವಳ ಅಳು ಅರ್ಥವಾಗಲಿಲ್ಲ. ಅವ್ವನ ಲೆಕ್ಕದಲ್ಲಿ ಅವನು ಎಂದೋ ಗುಣವಾಗಿದ್ದ.

ಅಂಥ ಊಟಗಳು ಒಂದಿಷ್ಟು ದಿನ ನಡೆದವು. ನಡೆದಾಟದ ಕಾಟ ಹೋಯಿತು, ತಮಾಷೆ ಮಾತು ಮರಳಿ ಬಂತು. ಬಾಯಿ ಮಾತ್ರ ಆಡುತ್ತಲೇ ಇತ್ತು. ಆಮೇಲೆ ಸಿರಪ್ಪು, ಡಾಕ್ಟರು ಹೇಳಿದ ಹಾಗೇ, ಸೋತಿತು. ಬಕೆಟ್ಟು ಮತ್ತೆ ಮಂಚದ ಪಕ್ಕಕ್ಕೆ ಬಂತು. ಈ ಸಲ ಸ್ಕ್ಯಾನು ಮಾಡಿಸಿದರು. ಗಡ್ಡೆ ಮರಳಿ ಬಂದಿತ್ತು, ಬೇರೆ ಬೇರೆ ಕಡೆ. ಈಗ ದಾರಿಯೇ ಮುಚ್ಚಿಕೊಳ್ಳುತ್ತಿದೆ, ಎಬ್ಬಿಸುವ ಔಷಧದಿಂದ ಇನ್ನು ಪ್ರಯೋಜನವಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಅಂದರು. ಡಾಕ್ಟರ ದನಿ ಇನ್ನೂ ಮೆತ್ತಗಾಗಿತ್ತು. ಅಣ್ಣ ಅವರಿಗೇ ಸಮಾಧಾನ ಹೇಳಿದ. "ನೀವು ಮಾಡೋದು ಮಾಡೀರಿ ಬಿಡ್ರಿ ಸರ. ಒಂದು ತಾಟು ಅನ್ನ ಉಣ್ಣಿಸಿದ್ರಿ" ಅಂದ.

ಮನೆಗೆ ಹೋಗುತ್ತೇನೆ ಅಂದ. ಮನೆ ಅಂದರೆ ಅವನಿಗೆ ಸಿರುಗುಪ್ಪ. ಆ ವಾಸನೆ ಬೇಕು ಅಂದ. ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ಮಿಲ್ಲಿನ ಹಿಂದಿನ ಓಣಿಯಲ್ಲಿ ಅವರ ಮನೆ, ಬಾಯ್ಲರು ಹಚ್ಚಿದರೆ ಹಬೆ ಅಡಿಗೆಮನೆಯ ತನಕ ಬರುತ್ತದೆ. ಹಮಾಲರು ಒಬ್ಬೊಬ್ಬರಾಗಿ ಬಂದು ಹೊಸ್ತಿಲಲ್ಲೇ ನಿಂತು ನೋಡಿ, "ಬಾಯಿ ಇನ್ನೂ ನಿಂತಿಲ್ಲ ನೋಡ್ರಿ ಪಂಪಣ್ಣಂದು" ಅಂತ ನಗಲು ನೋಡಿ, ಆಗದೆ ಹೋಗುತ್ತಿದ್ದರು. ಅಣ್ಣ ಕರಗುತ್ತಾ ಹೋದ. ಕೊನೆಗೆ ಅವನಲ್ಲಿ ದಣಿಯದೆ ಉಳಿದದ್ದು ಆ ದವಡೆಯೊಂದೇ. ಅವ್ವ ಹಗಲೆಲ್ಲ ಅದನ್ನೇ ನೋಡುತ್ತಾ ಕೂತಿರುತ್ತಿದ್ದಳು. ಎಲ್ಲರೂ ಅಳುತ್ತಿದ್ದರೂ ಅವಳೊಬ್ಬಳು ಅಳುತ್ತಿರಲಿಲ್ಲ. "ಬಾಯಾಡಸೋ ತನಕ ಏನೂ ಆಗಂಗಿಲ್ಲ" ಅನ್ನುತ್ತಿದ್ದಳು. ಅವನು ಕೈ ಎತ್ತಲಾಗದ ಸ್ಥಿತಿಗೆ ಬಂದಿದ್ದರೂ, ಅವಳು ಕಾಲ ಬಳಿ ಬಂದು ಕೂತ ಕೂಡಲೇ ಕಾಳಿಟ್ಟಿದ್ದ ದಿಂಬಿನ ಕಡೆ ಕಣ್ಣು ಹೊರಳಿಸುತ್ತಿದ್ದ. ವದಿನ ಎರಡು ಕಾಳು ಹುಡುಕಿ ಅವನ ತುಟಿಗೆ ಮುಟ್ಟಿಸುತ್ತಿದ್ದಳು.

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ. ಓಣಿಯಲ್ಲಿ ನೀರು ನಿಂತಿತ್ತು, ಮಿಲ್ಲು ಇನ್ನೂ ಶುರುವಾಗಿರಲಿಲ್ಲ. ನಾನು ಚಹಾಕ್ಕೆ ನೀರಿಟ್ಟಿದ್ದೆ. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು.

"ಸಪ್ಪಳ ಮಾಡಬ್ಯಾಡ್ರಿ. ಬಾಯಿ ನಿಂತೈತಿ, ಚೆಂದ ನಿದ್ದಿ ಹತ್ತೈತಿ ಅವಗ. ಎಷ್ಟು ದಿನ ಆಗಿತ್ತು. ಎಬ್ಬಸಬ್ಯಾಡ್ರಿ."

ನನ್ನ ಪಕ್ಕ ಲೋಟ ತೊಳೆಯುತ್ತಿದ್ದ ವದಿನ ಅದನ್ನು ಕೆಳಗಿಟ್ಟಳು. ಒಲೆ ಆರಿಸಿದೆ. ಇಬ್ಬರೂ ಹೋದೆವು. ವದಿನ ಅವನ ಹಣೆ ಮುಟ್ಟಿ, ಮೂಗಿನ ಹತ್ತಿರ ಕೈಹಿಡಿದು, ಹಾಗೇ ಮಂಚದ ಪಕ್ಕ ಕುಸಿದಳು. ಅವ್ವ ಹಿಂದಿನಿಂದ, "ಎಬ್ಬಸಬ್ಯಾಡ ಅಂದ್ನೆಲ್ಲ" ಅನ್ನುತ್ತಲೇ ಇದ್ದಳು. ಆಮೇಲೆ ಅನ್ನಲಿಲ್ಲ.

ಪಕ್ಕದ ಮನೆಯವರು ಬಂದರು. ಹಿರಿಯರೊಬ್ಬರು ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ತೀರ್ಥ ಬಿಡು ಅಂದರು. ವದಿನ ಎಡಗೈಯಿಂದ ಅವನ ಗಲ್ಲ ಹಿಡಿದು ಬಾಯಿ ಬಿಡಿಸಿದಳು. ನೀರು ಬಿಡುವ ಮೊದಲು, ಯಾಕೋ, ಅವತ್ತು ಪಾರ್ವತಿನಗರದಲ್ಲಿ ಮಾಡಿದ ಹಾಗೇ ಕೆನ್ನೆಯ ಸಂದಿಯಲ್ಲಿ ಬೆರಳಾಡಿಸಿದಳು. ಬೆರಳಿನ ಜೊತೆ ಎರಡು ಭತ್ತದ ಕಾಳು ಬಂದವು. ಹಿಂದಿನ ಸಂಜೆ ಅವ್ವನಿಗಾಗಿ ಇಟ್ಟುಕೊಂಡಿದ್ದವು. ಉಗುಳಲು ಅವನಿಗೆ ಶಕ್ತಿ ಇರಲಿಲ್ಲ.

ಅವ್ವ ಕೈ ಚಾಚಿದಳು. ವದಿನ ಕಾಳುಗಳನ್ನು ಆ ಅಂಗೈಗೆ ಹಾಕಿದಳು. ಅವ್ವ ಅವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು, ಆಮೇಲೆ ನಮ್ಮನ್ನೆಲ್ಲ ನೋಡಿದಳು.

"ನಾ ಹೇಳಲಿಲ್ಲೇನು," ಅಂದಳು. "ತಿನ್ನಾಕ ಹತ್ತಿದ್ದ ನನ್ನ ಮಗ."